ಚಿತ್ರ ನೋಡಿ ಮತ್ತೆ ಕಟ್ಟಿದ ಬೀದಿ

ಮೊದಲನೇ ಚಿತ್ರವನ್ನ ಸ್ವಲ್ಪ ಝೂಮ್ ಮಾಡಿ ನೋಡಿ. ಇದು 1777ರ ವಾರ್ಸಾ, ಅಂದ್ರೆ ಪೋಲೆಂಡಿನ ರಾಜಧಾನಿ. ಬೀದಿಯ ಹೆಸರು ಮಿಯೊದೋವಾ. ಕಿಟಕಿಗಳ ಚೌಕಟ್ಟು, ಗೋಡೆ ಮೇಲೆ ಬಿದ್ದ ನೆರಳು, ದಾರಿಯಲ್ಲಿ ಹೋಗೋ ಜನ, ಎಲ್ಲಾ ಎಣ್ಣೆಬಣ್ಣದಲ್ಲಿ. ಬರೆದವನು ವೆನಿಸ್‌ನ ಬರ್ನಾರ್ಡೊ ಬೆಲ್ಲೊಟ್ಟೊ.

ಹೆಸರಿನ ಗೊಂದಲ ಮೊದಲು ಮುಗಿಸಿಬಿಡೋಣ. ವೆನಿಸ್‌ನ ಕಾಲುವೆಗಳನ್ನ ಬರೆದು ಇಂಗ್ಲೆಂಡಿನ ಶ್ರೀಮಂತರಿಗೆ ಮಾರಿದ ಕನಾಲೆಟ್ಟೊ ಇದ್ದಾನಲ್ಲ, ಅವನು ಇವನ ಸೋದರಮಾವ. ಹುಡುಗ ಕೆಲಸ ಕಲಿತಿದ್ದು ಮಾವನ ಹತ್ರಾನೇ. ಆಮೇಲೆ ಊರು ಬಿಟ್ಟಾಗ ಮಾವನ ಹೆಸರನ್ನೂ ಜೊತೆಗೆ ಒಯ್ದ, ಚಿತ್ರಗಳ ಮೇಲೆ ಅದನ್ನೂ ಸೇರಿಸಿ ಸಹಿ ಹಾಕಿದ. ಅದಕ್ಕೇ ಪೋಲೆಂಡಲ್ಲಿ ಇವತ್ತಿಗೂ ಇವನೇ ಕನಾಲೆಟ್ಟೊ! ಮಾವನ ಚಿತ್ರಗಳಲ್ಲಿ ಹೊಂಬಿಸಿಲು, ಅಳಿಯನದ್ದು ತಣ್ಣನೆಯ ಬೆಳ್ಳಿ ಬೆಳಕು. ನನಗಂತೂ ಅಳಿಯನೇ ಇಷ್ಟ.

1747ರಲ್ಲಿ ಜರ್ಮನಿಯ ಡ್ರೆಸ್ಡೆನ್‌ಗೆ ಹೋಗಿ ಅಲ್ಲಿನ ಆಸ್ಥಾನದ ಚಿತ್ರಕಾರ ಆದ. ಒಳ್ಳೆ ಸಂಬಳ, ಒಳ್ಳೆ ಹೆಸರು. ಅಷ್ಟರಲ್ಲಿ ಏಳು ವರ್ಷದ ಯುದ್ಧ ಶುರುವಾಯ್ತು. 1760ರಲ್ಲಿ ಪ್ರಷ್ಯಾದ ಫಿರಂಗಿಗಳು ಊರಿನ ಮೇಲೆ ಗುಂಡು ಸುರಿಸಿದವು. ಬೆಲ್ಲೊಟ್ಟೊ ಆಗ ಊರಲ್ಲಿರಲಿಲ್ಲ, ಆದ್ರೆ ಅವನ ಮನೆ, ಸಾಮಾನು ಎಲ್ಲಾ ಹೋಯ್ತು. ವಾಪಸ್ ಬಂದವನು ಏನು ಮಾಡಿದ ಗೊತ್ತಾ? ಅರಮನೆ ಬರೆದ ಅದೇ ಶಿಸ್ತಲ್ಲಿ ಕಲ್ಲಿನ ರಾಶಿಯನ್ನ ಬರೆದ. ಎರಡನೇ ಚಿತ್ರ ನೋಡಿ, ಕ್ರಾಯ್ಟ್ಸ್‌ಕಿರ್ಖೆ ಅನ್ನೋ ಚರ್ಚು, 1765. ಸೀಳಿಹೋದ ಗೋಪುರ ಅರ್ಧ ನಿಂತಿದೆ, ಕೆಳಗೆ ಜನ ಸೇರಿದ್ದಾರೆ. ಒಂದು ಹನಿ ಕಣ್ಣೀರಿಲ್ಲ ಆ ಚಿತ್ರದಲ್ಲಿ, ಬರೀ ಲೆಕ್ಕ.

ವಾರ್ಸಾಗೆ ಬಂದಿದ್ದು ಆಕಸ್ಮಿಕ. ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೊರಟವನನ್ನ ಪೋಲೆಂಡಿನ ದೊರೆ ಸ್ಟಾನಿಸ್ವಾವ್ ಆಗಸ್ಟ್ ದಾರೀಲೇ ಉಳಿಸಿಕೊಂಡ. 1780ರಲ್ಲಿ ಸಾಯೋವರೆಗೂ ಅಲ್ಲೇ ಇದ್ದು ದೊರೆಗಾಗಿ ಊರಿನ ಬೀದಿಗಳನ್ನ ಒಂದೊಂದಾಗಿ ಬರೆದ.

ಈಗ 1944ಕ್ಕೆ ಬನ್ನಿ. ಆಗಸ್ಟ್ 1ರಂದು ವಾರ್ಸಾ ನಾಜಿಗಳ ವಿರುದ್ಧ ದಂಗೆ ಎದ್ದಿತು. 63 ದಿನ ಹೋರಾಡಿ ಸೋತಿತು. ಆಮೇಲೆ ನಾಜಿಗಳು ಖಾಲಿ ಊರಿನ ಕಟ್ಟಡಗಳನ್ನ ಒಂದಾದ ಮೇಲೊಂದು ಸುಟ್ಟರು, ಸಿಡಿಮದ್ದು ಇಟ್ಟು ಉಡಾಯಿಸಿದರು. ಮೂರನೇ ಚಿತ್ರ ಅದೇ. ಆದ್ರೆ ನಾಜಿಗಳು ದೋಚಿದ್ದ ಬೆಲ್ಲೊಟ್ಟೊ ಚಿತ್ರಗಳು ಯುದ್ಧ ಮುಗಿದ ಮೇಲೆ ವಾಪಸ್ ಸಿಕ್ಕವು!

ಪೇಂಟಿಂಗ್ ನೋಡ್ಕೊಂಡು ಇಡೀ ಊರನ್ನೇ ಕಟ್ಟಿದರು ಅಂತ ರೀಲ್ಸಲ್ಲಿ ಹೇಳ್ತಾರೆ. ಅಷ್ಟು ಸಲೀಸಾಗಿರಲಿಲ್ಲ. ವಾರ್ಸಾ ಪಾಲಿಟೆಕ್ನಿಕ್‌ನ ವಿದ್ಯಾರ್ಥಿಗಳು, ಅಂದ್ರೆ ನಮ್ಮ ವಯಸ್ಸಿನವರೇ, ಹಳೇ ಕಟ್ಟಡಗಳನ್ನ ಅಳೆದು ಮಾಡಿಟ್ಟಿದ್ದ ನಕ್ಷೆಗಳಿದ್ದವು. ಅವನ್ನ ಪಿಯೊಟ್ರ್‌ಕೂವ್ ಊರಿನ ಮಠವೊಂದರಲ್ಲಿ ಬಚ್ಚಿಟ್ಟು ಉಳಿಸಿದ್ದರು. ಹಳೇ ಫೋಟೋಗಳೂ ಇದ್ದವು. ಬೆಲ್ಲೊಟ್ಟೊ ಹೆಚ್ಚು ನೆರವಾಗಿದ್ದು ಕ್ರಾಕೋವ್ಸ್ಕಿಯೆ ಪ್ಶೆದ್‌ಮಿಯೆಶ್ಚೆ, ಮಿಯೊದೋವಾದಂಥ ಅವನೇ ಬರೆದಿದ್ದ ಬೀದಿಗಳಿಗೆ.

ಇನ್ನೊಂದು ತಕರಾರಿದೆ. ಆಗಿನ ಇಂಥ ಚಿತ್ರಕಾರರು ಕ್ಯಾಮೆರಾ ಅಬ್‌ಸ್ಕ್ಯೂರಾ ಬಳಸುತ್ತಿದ್ದರು. ಒಂದು ಕತ್ತಲ ಪೆಟ್ಟಿಗೆ, ಅದಕ್ಕೊಂದು ಮಸೂರ. ಎದುರಿನ ಬೀದಿ ಒಳಗಿನ ಕಾಗದದ ಮೇಲೆ ಬೀಳುತ್ತೆ, ಅದರ ಮೇಲೆ ಗೆರೆ ಎಳೆಯೋದು. ಆದ್ರೂ ಬೆಲ್ಲೊಟ್ಟೊ ತನಗೆ ಬೇಕಾದಲ್ಲಿ ಬೀದಿ ಅಗಲ ಮಾಡಿದ, ಕಟ್ಟಡಗಳನ್ನ ಚೆಂದ ಮಾಡಿದ. ಹಾಗಾಗಿ ಕೆಲವು ಮನೆಗಳು 1939ರಲ್ಲಿ ಇದ್ದ ಹಾಗಲ್ಲ, ಅವನು ಬರೆದ ಹಾಗೆ ಎದ್ದು ನಿಂತವು. 19ನೇ ಶತಮಾನದಲ್ಲಿ ಸೇರಿಸಿದ್ದ ಮಹಡಿಗಳನ್ನ ಎಷ್ಟೋ ಕಡೆ ಕೈಬಿಟ್ಟರು. ಯುದ್ಧಕ್ಕೆ ಮುಂಚೆ ಊರಿನ ಸುಮಾರು ಮೂರನೇ ಒಂದು ಭಾಗ ಯಹೂದಿಗಳು. ಅವರ ಮುರಾನೂಫ್ ಮಾತ್ರ ಮೊದಲಿನಂತೆ ಏಳಲಿಲ್ಲ, ಅವಶೇಷಗಳ ಮೇಲೇ ಹೊಸ ವಸತಿ ಬಡಾವಣೆ ಬಂತು.

1980ರಲ್ಲಿ ಯುನೆಸ್ಕೋ ವಾರ್ಸಾದ ಹಳೇ ಊರನ್ನ ವಿಶ್ವ ಪರಂಪರೆ ಪಟ್ಟಿಗೆ ಸೇರಿಸ್ತು. ಬೆಲ್ಲೊಟ್ಟೊನ 22 ಚಿತ್ರಗಳು ಈಗ ಅಲ್ಲಿನ ರಾಜಭವನದಲ್ಲಿವೆ. ನಾಜಿಗಳು ಸಿಡಿಸಿದ ಆ ಅರಮನೆಯನ್ನೂ ಹೊಸದಾಗಿ ಕಟ್ಟಿದ್ದೇ.

ನೀವಾಗಿದ್ರೆ ಯಾವ ವಾರ್ಸಾ ಕಟ್ಟುತ್ತಿದ್ರಿ? ಜನ ಕಣ್ಣಾರೆ ಕಂಡಿದ್ದ 1939ರದ್ದಾ, ಚಿತ್ರದಲ್ಲಿದ್ದದ್ದಾ? ಕಾಮೆಂಟಲ್ಲಿ ಬರೀರಿ.