ತೊಟ್ಟಿಲು, ಬೀಸುಕಲ್ಲು, ಅಂಗನವಾಡಿ: ಗೋಕಾಕ–ಮೂಡಲಗಿ–ಹುಕ್ಕೇರಿ ಸೀಮೆಯಲ್ಲಿ ಕೂಸು ಆಡಿಸುವ ಹಾಡುಗಳ ಚರಿತ್ರೆ

ಘಟಪ್ರಭೆಯ ಸೀಮೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಜಾನಪದವೆಂದೊಡನೆ ವಿದ್ವಾಂಸರ ಗಮನ ಸಹಜವಾಗಿ ಶ್ರೀಕೃಷ್ಣ ಪಾರಿಜಾತದ ಕಡೆಗೆ ಹರಿಯುತ್ತದೆ. ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮ ಮೊದಲಾದವರ ಹೆಸರುಗಳು ಈ ಆಟದ ಚರಿತ್ರೆಯಲ್ಲಿ ಸ್ಥಿರವಾಗಿ ನಿಂತಿವೆ. ರಂಗದ ಮೇಲಿನ ಕಲೆಗೆ ಪ್ರೇಕ್ಷಕರಿರುತ್ತಾರೆ. ಆದ್ದರಿಂದ ಅದಕ್ಕೆ ದಾಖಲೆಯೂ ಉಂಟು. ಮನೆಯೊಳಗೆ ಅಜ್ಜಿಯ ಕಾಲ ಮೇಲೆ, ತಾಯಿಯ ತೊಡೆಯ ಮೇಲೆ ನಡೆಯುವ ಹಾಡು–ಆಟಕ್ಕೆ ಹಾಡುವವರು ಮತ್ತು ಹಾಡಿಸಿಕೊಳ್ಳುವ ಕೂಸು ಬಿಟ್ಟರೆ ಮೂರನೆಯವರಿಲ್ಲ. ಹುಟ್ಟಿನಿಂದ ಮೂರು ವರ್ಷದವರೆಗಿನ ಈ ಕಲಾಪರಂಪರೆ ಸಂಶೋಧನೆಯ ಅಂಚಿನಲ್ಲಿಯೇ ಉಳಿಯಲು ಇದೂ ಒಂದು ಕಾರಣ.

ಇಂದು ಮಹಾನಗರಗಳಲ್ಲಿ ತಾಯಿ ಮತ್ತು ಮಗು ಜೊತೆಯಾಗಿ ಪಾಲ್ಗೊಳ್ಳುವ ಸಂಗೀತ ಮತ್ತು ಚಲನೆಯ ತರಗತಿಗಳು ಶುಲ್ಕ ಪಡೆದು ನಡೆಯುತ್ತಿವೆ. ಇವುಗಳ ಮೂಲತತ್ತ್ವವಾದ ‘ಕೂಸಿನೊಡನೆ ಆರೈಕೆದಾರರೂ ಹಾಡಬೇಕು, ಆಡಬೇಕು’ ಎಂಬುದು ಈ ಸೀಮೆಗೆ ಹೊಸದಲ್ಲ. ಆದರೆ ಆ ತತ್ತ್ವ ಇಲ್ಲಿ ಹೇಗೆ ಬಾಳಿತು, ಯಾವ ಕಾರಣಗಳಿಂದ ಸಡಿಲವಾಯಿತು ಎಂಬ ಪ್ರಶ್ನೆ ವಿವೇಚನೆಗೆ ಅರ್ಹವಾಗಿದೆ.

ಹಾಡು ಮತ್ತು ಮೈ

ಕೂಸು ಆಡಿಸುವ ಹಾಡುಗಳಲ್ಲಿ ಪದಕ್ಕಿಂತ ಚಲನೆಯೇ ಮುಖ್ಯ. ಬಾಣಂತಿಯ ಮನೆಯಲ್ಲಿ ಕೂಸಿಗೆ ಎರೆಯುವ ಹಿರಿಯಳು ಕಾಲು ಚಾಚಿ ಕುಳಿತು, ಕೂಸನ್ನು ಕಾಲುಗಳ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಾಳೆ. ಬಲಗೈಯನ್ನು ಎಡಗಾಲಿಗೆ, ಎಡಗೈಯನ್ನು ಬಲಗಾಲಿಗೆ ಅಡ್ಡಲಾಗಿ ತಂದು ಮಡಚಿ ಬಿಡಿಸುವಾಗ ಅವಳ ಬಾಯಿಂದ ಹೊರಡುವ ಲಯಬದ್ಧ ಮಾತು ಕೂಸಿಗೆ ದೊರೆಯುವ ಮೊದಲ ತಾಳವಾಗುತ್ತದೆ. ತೊಟ್ಟಿಲ ತೂಗಿಗೆ ನಿಧಾನಗತಿ, ಚಾಚಿದ ಕಾಲ ಮೇಲಿನ ತೂಗಿಗೆ ಮಧ್ಯಮಗತಿ, ತೊಡೆಯ ಮೇಲೆ ಕುಣಿಸುವಾಗ ಚುರುಕುಗತಿ. ಕೂಸು ಕೂಡ್ರಲು ಕಲಿತ ಮೇಲೆ ಚಪ್ಪಾಳೆ ಮತ್ತು ಮಣಿಕಟ್ಟು ತಿರುಗಿಸುವ ಆಟ. ಅಂಗೈಯಲ್ಲಿ ಬೆರಳಾಡಿಸಿ, ತೋಳಿನುದ್ದಕ್ಕೂ ನಡೆಸಿಕೊಂಡು ಹೋಗಿ ಕಂಕುಳಲ್ಲಿ ಕಚಗುಳಿ ಇಡುವ ಆಟ. ನಿಲ್ಲಲು ಕಲಿತ ಮೇಲೆ ಆನೆಯಂತೆ ಓಲಾಡಿಸುವ ಆಟ. ಹೀಗೆ ಕೂಸಿನ ಮೈ ಬೆಳೆದಂತೆ ಹಾಡಿನ ಗತಿಯೂ ಬದಲಾಗುತ್ತದೆ.

ತೊಟ್ಟಿಲಿಗೆ ಹಾಕುವ ಶಾಸ್ತ್ರದಲ್ಲಿ ಈ ಖಾಸಗಿ ಕಲೆ ಸಾಮೂಹಿಕವಾಗುತ್ತದೆ. ಮುತ್ತೈದೆಯರು ತೊಟ್ಟಿಲಿನ ಎರಡೂ ಬದಿಗೆ ನಿಂತು ಕೂಸನ್ನು ಮೇಲಿನಿಂದ ಮತ್ತು ಕೆಳಗಿನಿಂದ ಕೈಬದಲಿಸುತ್ತಾರೆ. ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಉಸುರುವಾಗ ಉಳಿದವರು ಅವಳ ಬೆನ್ನಿಗೆ ಗುದ್ದುತ್ತಾರೆ. ಬಳಿಕ ಹಾಡಲಾಗುವ ತೊಟ್ಟಿಲ ಪದಗಳಲ್ಲಿ ಕೃಷ್ಣನೂ ಬರುತ್ತಾನೆ, ಶರಣರೂ ಬರುತ್ತಾರೆ. ಕೂಸನ್ನು ಎತ್ತಿ ಆಡಿಸುವ ಹೊಣೆ ಹೆತ್ತವಳೊಬ್ಬಳದಲ್ಲ, ಅದು ನೆರೆದ ಹೆಂಗಸರೆಲ್ಲರದು ಎಂಬುದನ್ನು ಈ ಶಾಸ್ತ್ರ ಸಾರುತ್ತದೆ.

ಬೀಸುಕಲ್ಲಿನ ನಂಟು

ಹಲಸಂಗಿ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ತ್ರಿಪದಿಗಳ ಶ್ರೀಮಂತಿಕೆಯನ್ನು ನಾಡಿಗೆ ಪರಿಚಯಿಸಿತು. ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ ಹುಟ್ಟಿದ ಆನಂದಕಂದ ಬೆಟಗೇರಿ ಕೃಷ್ಣಶರ್ಮರು (1900–1982) ಇದೇ ಆಡುನುಡಿಯ ಧಾಟಿಯನ್ನು ನವೋದಯ ಕಾವ್ಯಕ್ಕೆ ತಂದರು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಬೀಸುವ ಪದಕ್ಕೂ ಜೋಗುಳಕ್ಕೂ ಬಹುಮಟ್ಟಿಗೆ ತ್ರಿಪದಿಯೇ ಆಧಾರ. ಮೂರು ಸಾಲಿನ ಅದೇ ಬಂಧ ಬೀಸುಕಲ್ಲಿನ ಗೂಟ ಹಿಡಿದಾಗ ಒಂದು ಗತಿಯಲ್ಲಿ, ತೊಟ್ಟಿಲ ಹಗ್ಗ ಹಿಡಿದಾಗ ಇನ್ನೊಂದು ಗತಿಯಲ್ಲಿ ಸಾಗುತ್ತದೆ. ನಸುಕಿನಲ್ಲಿ ಬೀಸುವ ತಾಯಿಯ ತೊಡೆಯ ಮೇಲೆ ಮಲಗಿದ ಕೂಸು ಕಲ್ಲಿನ ಸದ್ದು, ತಾಯಿಯ ದನಿ, ಅವಳ ಮೈಯ ಓಲಾಟ ಈ ಮೂರನ್ನೂ ಒಟ್ಟಿಗೆ ಪಡೆಯುತ್ತಿತ್ತು. ಅದಕ್ಕೆಂದೇ ಪ್ರತ್ಯೇಕ ಸಮಯ ಮೀಸಲಿಡಬೇಕಾಗಿರಲಿಲ್ಲ. ದುಡಿಮೆಯ ಲಯವೇ ಆರೈಕೆಯ ಲಯವಾಗಿತ್ತು.

ಈ ನಂಟನ್ನು ಸಡಿಲಿಸಿದ್ದು ಯಂತ್ರ. ಭಾರತದ ಮೊದಲ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳಲ್ಲೊಂದು 1969ರಲ್ಲಿ ಹುಕ್ಕೇರಿಯಲ್ಲಿ ಸ್ಥಾಪನೆಯಾಯಿತು. ವಿದ್ಯುತ್ತಿನೊಡನೆ ಹಳ್ಳಿಗಳಿಗೆ ಹಿಟ್ಟಿನ ಗಿರಣಿ ಬಂದಿತು. ಬೀಸುಕಲ್ಲು ಮೂಲೆ ಸೇರಿತು. ಹೆಣ್ಣುಮಕ್ಕಳ ರಟ್ಟೆಗೆ ದೊರೆತ ಈ ಬಿಡುಗಡೆ ಸ್ವಾಗತಾರ್ಹವೇ. ಆದರೆ ತ್ರಿಪದಿಗಳನ್ನು ದಿನನಿತ್ಯ ನೆನಪಿನಲ್ಲಿ ಇರಿಸುತ್ತಿದ್ದ ಸಂದರ್ಭ ಇಲ್ಲವಾದಾಗ ಜೋಗುಳದ ಊಟೆಯೂ ಬತ್ತತೊಡಗಿತು ಎಂಬುದನ್ನು ಮರೆಯುವಂತಿಲ್ಲ.

ಗಿರಣಿ ಮತ್ತು ಕಬ್ಬಿನ ಹೊಲ

ದುಡಿಮೆಯ ಸ್ವರೂಪ ಇದಕ್ಕೂ ಮೊದಲೇ ಬದಲಾಗಿತ್ತು. 1880ರ ದಶಕದಲ್ಲಿ ಗೋಕಾಕ ಜಲಪಾತದ ಬಳಿ ನೂಲಿನ ಗಿರಣಿ ಎದ್ದಿತು. ಗಿರಣಿಯ ಸದ್ದಿಗೂ ತಾಳವುಂಟು, ಆದರೆ ಅದು ಹಾಡುವವರ ಕೈಯಳತೆಯ ತಾಳವಲ್ಲ; ಬಗಲಲ್ಲಿ ಕೂಸನ್ನಿಟ್ಟುಕೊಂಡು ಮಾಡುವ ಕೆಲಸವೂ ಅದಲ್ಲ. 1948ರ ಕಾರ್ಖಾನೆ ಕಾಯಿದೆಯು ಐವತ್ತಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿರುವ ಕಾರ್ಖಾನೆಗಳು ಆರು ವರ್ಷದೊಳಗಿನ ಅವರ ಮಕ್ಕಳಿಗೆ ಶಿಶುಗೃಹ ಒದಗಿಸಬೇಕೆಂದು ವಿಧಿಸಿತು. 1976ರ ತಿದ್ದುಪಡಿ ಈ ಮಿತಿಯನ್ನು ಮೂವತ್ತಕ್ಕೆ ಇಳಿಸಿತು. ಕೋಣೆ, ಗಾಳಿ, ಬೆಳಕು, ಸ್ವಚ್ಛತೆ, ಹಾಲು, ತಾಯಿ ಬಂದು ಮೊಲೆಯೂಡಿಸಲು ಬಿಡುವು ಇವೆಲ್ಲಕ್ಕೂ ಕಾನೂನಿನಲ್ಲಿ ಅವಕಾಶವಿತ್ತು. ಕೂಸನ್ನು ಆಡಿಸುವವರ ದನಿಯ ಬಗೆಗೆ ಯೋಚಿಸುವುದು ಆ ಕಾನೂನಿನ ವ್ಯಾಪ್ತಿಗೆ ಬರಲಿಲ್ಲ.

ಕಬ್ಬಿನ ಕಟಾವಿನದು ಇನ್ನೂ ಕಠಿಣ ಚಿತ್ರ. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಕಾರ್ಖಾನೆಯೂ ಸೇರಿದಂತೆ ಈ ಸೀಮೆಯ ಸಕ್ಕರೆ ಕಾರ್ಖಾನೆಗಳಿಗಾಗಿ ಕಬ್ಬು ಕಡಿಯಲು ದೂರದಿಂದ ವಲಸೆ ಬರುವ ಕುಟುಂಬಗಳಲ್ಲಿ ಕೂಸುಗಳೂ ಇರುತ್ತವೆ. ಗಿಡಕ್ಕೆ ಕಟ್ಟಿದ ಸೀರೆಯ ಜೋಳಿಗೆಯನ್ನು ಅನೇಕ ಸಲ ತೂಗುವವಳು ಆ ಕೂಸಿನ ಅಕ್ಕನೇ, ಸ್ವತಃ ಎತ್ತಿ ಆಡಿಸಿಕೊಳ್ಳಬೇಕಾದ ವಯಸ್ಸಿನವಳು. ಅಜ್ಜಿ ಊರಲ್ಲಿ, ತಾಯಿ ಹೊಲದಲ್ಲಿ. ಹಾಡಿನ ಹಸ್ತಾಂತರ ನಡೆಯುವ ಸ್ಥಳವೇ ತೆರವಾಗುತ್ತದೆ.

ಅಂಗಳದಿಂದ ಅಂಗನವಾಡಿಗೆ

ತಾಯಂದಿರ ಆಟಗಳಲ್ಲಿ ಶಿಕ್ಷಣವನ್ನು ಕಂಡವರು ಲೋಕದಲ್ಲಿ ಇಲ್ಲದಿಲ್ಲ. ಜರ್ಮನಿಯ ಫ್ರೋಬೆಲ್ 1844ರಲ್ಲಿ ತಾಯಿ–ಕೂಸಿನ ಆಟದ ಹಾಡುಗಳ ಗ್ರಂಥವೊಂದನ್ನು ಹೊರತಂದು, ಆಟಗಳಿಗೆ ಚಿತ್ರ, ರಾಗ, ತಾಯಿಗೆ ಸೂಚನೆ ಇವುಗಳನ್ನು ಜೋಡಿಸಿದನು. ಬೆಳಗಾವಿ ಜಿಲ್ಲೆ 1956ರವರೆಗೆ ಸೇರಿದ್ದ ಮುಂಬಯಿ ಪ್ರಾಂತದಲ್ಲಿಯೇ ತಾರಾಬಾಯಿ ಮೋಡಕ ಮತ್ತು ಅನುತಾಯಿ ವಾಘ ಅವರು 1945ರಲ್ಲಿ ಬೋರ್ಡಿಯಲ್ಲಿ ಗ್ರಾಮೀಣ ಬಾಲವಾಡಿಯ ಪ್ರಯೋಗ ಕೈಗೊಂಡರು. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಮಕ್ಕಳ ಅಂಗಳಕ್ಕೆ ಹೋಗಬೇಕು ಎಂಬ ಅವರ ನಿಲುವಿನಲ್ಲಿ ‘ಅಂಗನವಾಡಿ’ ಕಲ್ಪನೆಯ ಬೇರುಗಳಿವೆ.

1975ರ ಅಕ್ಟೋಬರ್ 2ರಂದು 33 ಯೋಜನಾ ಪ್ರದೇಶಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು, ಕರ್ನಾಟಕದಲ್ಲಿ ತಿ. ನರಸೀಪುರದಿಂದ ತೊಡಗಿ ಮುಂದೆ ಎಲ್ಲ ತಾಲೂಕುಗಳಿಗೂ ಹಬ್ಬಿತು. ಅಂಗನವಾಡಿಯ ಅಭಿನಯಗೀತೆಗಳು ಮೂರರಿಂದ ಆರು ವರ್ಷದ ಮಕ್ಕಳಿಗೆ ಹಾಡು–ಕುಣಿತದ ಸಾಮೂಹಿಕ ವೇದಿಕೆ ಒದಗಿಸಿದವು. ಇದು ಸಣ್ಣ ಸಾಧನೆಯಲ್ಲ. ಆದರೆ ಮೂರರ ಒಳಗಿನ ಕೂಸಿನ ಪಾಲಿಗೆ ಯೋಜನೆಯ ಒತ್ತು ಪೌಷ್ಟಿಕ ಆಹಾರ, ಚುಚ್ಚುಮದ್ದು, ತೂಕಗಳ ಮೇಲೆಯೇ ಉಳಿಯಿತು. ತೂಕದ ಪಟ್ಟಿಯಲ್ಲಿ ಕೂಸು ಇತ್ತು. ಅದನ್ನು ಎತ್ತಿ ತಂದ ಅಜ್ಜಿಯ ಹಾಡಿಗೆ ಅಲ್ಲಿ ಕಲಮು ಇರಲಿಲ್ಲ.

ಈ ಕೊರತೆಯನ್ನು ಇತ್ತೀಚಿನ ನೀತಿಗಳು ಗುರುತಿಸಿವೆ. ನರೇಗಾ ಮಹಿಳಾ ಕಾರ್ಮಿಕರ ಎಳೆಯ ಮಕ್ಕಳಿಗಾಗಿ 4000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವ ಯೋಜನೆಯನ್ನು ಕರ್ನಾಟಕ ಸರ್ಕಾರ 2023ರಲ್ಲಿ ಪ್ರಕಟಿಸಿತು. ಕೇಂದ್ರ ಸರ್ಕಾರ 2024ರಲ್ಲಿ ಹೊರತಂದ ‘ನವಚೇತನ’ ಚೌಕಟ್ಟು ಹುಟ್ಟಿನಿಂದ ಮೂರು ವರ್ಷದವರೆಗೆ ಆರೈಕೆದಾರರು ಕೂಸಿನೊಡನೆ ಮಾತಾಡುವ, ಆಡುವ ಚಟುವಟಿಕೆಗಳನ್ನು ಮುಂದಿಟ್ಟಿತು.

ಉಪಸಂಹಾರ

ಮೇಲಿನ ಚರಿತ್ರೆಯಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. ಜನಪದ ಗೀತ ಸಂಕಲನಗಳು ಈ ಕಲೆಯ ಪದಗಳನ್ನು ಉಳಿಸಿಕೊಟ್ಟವು. ‘ಜೋಗುಳ’ವೆಂಬ ಶೀರ್ಷಿಕೆಯ ಕೆಳಗೆ ತೂಗಿನ ಗತಿ, ಕೈಯ ಹಿಡಿತ, ಕೂಸಿನ ವಯಸ್ಸು ದಾಖಲಾದುದು ವಿರಳ. ಸಂಸ್ಥೆಗಳು ಮಗುವನ್ನು ಉಳಿಸಿಕೊಂಡವು. ಹಾಡುವ ಹಿರಿಯಳನ್ನು ಹೊರಗೆ ನಿಲ್ಲಿಸಿದವು. ಹಾಡುವವಳು ಮತ್ತು ಕೂಸು ಇಬ್ಬರ ಮೈಗಳೂ ಕೂಡಿದಾಗಲೇ ಈ ಹಾಡು ಪೂರ್ಣವಾಗುತ್ತದೆ ಎಂಬುದನ್ನು ಎರಡೂ ಕಡೆಗಳಲ್ಲಿ ಕಡೆಗಣಿಸಲಾಗಿದೆ.

ಬೀಸುಕಲ್ಲಿನ ಕಾಲವನ್ನು ಮರಳಿ ತರುವುದು ಸಾಧ್ಯವೂ ಅಲ್ಲ, ಅಪೇಕ್ಷಣೀಯವೂ ಅಲ್ಲ. ಆದರೆ ಎರೆಯುವ, ತೂಗುವ, ಕುಣಿಸುವ ಕ್ರಮಗಳನ್ನು ಬಲ್ಲ ಹಿರಿಯರು ಈ ಮೂರು ತಾಲೂಕುಗಳ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರು ಕೂಸನ್ನು ಆಡಿಸುತ್ತಿರುವಾಗಲೇ, ಮನೆಯವರ ಒಪ್ಪಿಗೆಯಿಂದ, ದೃಶ್ಯ–ಶ್ರವ್ಯ ರೂಪದಲ್ಲಿ ದಾಖಲಿಸುವುದು ಜಾನಪದ ಅಧ್ಯಯನದ ತುರ್ತು. ಹಾಗೆ ದಾಖಲಾದುದನ್ನು ಅಂಗನವಾಡಿ, ಶಿಶುಗೃಹಗಳ ಕಾರ್ಯಕರ್ತೆಯರ ತರಬೇತಿಗೆ ಒದಗಿಸಿ, ಆ ಹಿರಿಯರನ್ನೇ ಅಲ್ಲಿಗೆ ಕಲಿಸುವವರಾಗಿ ಕರೆದರೆ, ಹೊರಗೆ ನಿಂತ ದನಿ ಮತ್ತೆ ಕೂಸಿನ ಬಳಿ ಸೇರುತ್ತದೆ. ಈ ಕೆಲಸಕ್ಕೆ ಇರುವ ಅವಧಿ ಒಂದು ತಲೆಮಾರಿನ ಆಯುಷ್ಯದಷ್ಟು ಮಾತ್ರ.