ಪೆಟ್ರೋಲಿನ ಊಳಿಗಕ್ಕೆ ನಿಂತ ಬ್ಯಾಟರಿ

ಬ್ಯಾಟರಿಯ ಕಾರಿಗೆ ಎಲ್ಲಿಯಾದರೂ ಬೆಂಕಿ ಹತ್ತಿತೆಂದರೆ ಪತ್ರಿಕೆಗಳಲ್ಲಿ ಚಿತ್ರಸಹಿತ ವರದಿ ಬರುತ್ತದೆ. ಪೆಟ್ರೋಲು ಕಾರು ಉರಿದರೆ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು. ಹಳೆಯ ಅಪಾಯಕ್ಕೆ ನಾವು ಒಗ್ಗಿಹೋಗಿದ್ದೇವೆ. ನಾನು ಕನ್ನಡದ ಪಾಠ ಹೇಳುವವನು. ಯಂತ್ರಶಾಸ್ತ್ರ ನನ್ನ ವಿಷಯವಲ್ಲ. ಆದರೂ ಈ ಎರಡು ಬಗೆಯ ಗಾಡಿಗಳ ಪೂರ್ವಚರಿತ್ರೆಯನ್ನು ಓದುತ್ತ ಹೋದಂತೆ ಬೆರಗಾಯಿತು. ಮೊದಮೊದಲು ಸಾಧುವೆಂಬ ಹೆಸರು ಪಡೆದಿದ್ದುದು ಬ್ಯಾಟರಿ!

ಗಂಧಕಾಮ್ಲದಲ್ಲಿ ಸೀಸದ ಹಾಳೆಗಳನ್ನು ಅದ್ದಿ, ಮತ್ತೆ ಮತ್ತೆ ವಿದ್ಯುತ್ತು ತುಂಬಬಲ್ಲ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ೧೮೫೯ರಲ್ಲಿ ಮಾಡಿದ. ನಲವತ್ತು ವರ್ಷಗಳ ತರುವಾಯ, ೧೮೯೯ರಲ್ಲಿ, ಗಂಟೆಗೆ ೧೦೦ ಕಿಲೋಮೀಟರಿನ ವೇಗವನ್ನು ಮೊದಲು ಮೀರಿದ ಕಾರು ಬ್ಯಾಟರಿಯದೇ. ಪ್ಯಾರಿಸಿನ ಬಳಿ ಅದನ್ನೋಡಿಸಿದವನು ಬೆಲ್ಜಿಯಮ್ಮಿನ ಕಾಮಿಲ್ ಜೆನಾಟ್ಸಿ. ೧೯೦೦ರಲ್ಲಿ ಅಮೆರಿಕದಲ್ಲಿ ತಯಾರಾದ ಕಾರುಗಳಲ್ಲಿ ಉಗಿಯವು ೧,೬೮೧, ವಿದ್ಯುತ್ತಿನವು ೧,೫೭೫, ಪೆಟ್ರೋಲಿನವು ಕೇವಲ ೯೩೬.

ಕಾರಣವಿಲ್ಲದಿರಲಿಲ್ಲ. ಅಂದಿನ ಪೆಟ್ರೋಲು ಕಾರನ್ನು ಹೊರಡಿಸಬೇಕಾದರೆ ಮುಂದೆ ನಿಂತು ಕಬ್ಬಿಣದ ಹಿಡಿಯನ್ನು ಬಲವಾಗಿ ತಿರುವಬೇಕು. ಎಂಜಿನ್ನು ಹೊತ್ತಿಗೆ ಮುಂಚೆ ಸಿಡಿದರೆ ಹಿಡಿ ಹಿಂದಕ್ಕೆ ಜಾಡಿಸುತ್ತಿತ್ತು. ಮಣಿಕಟ್ಟು ಮುರಿಸಿಕೊಂಡವರು, ಹೆಬ್ಬೆರಳು ಕಳೆದುಕೊಂಡವರು ಎಷ್ಟೋ ಮಂದಿ. ಜೊತೆಗೆ ಹೊಗೆ, ನಾತ, ಗದ್ದಲ. ವಿದ್ಯುತ್ ಕಾರಿನಲ್ಲಾದರೋ ಕುಳಿತು ಸನ್ನೆ ತಳ್ಳಿದರೆ ಸಾಕು. ಲಕ್ಷಾಂತರ ಪೆಟ್ರೋಲು ಕಾರುಗಳನ್ನು ಮಾರಿದ ಹೆನ್ರಿ ಫೋರ್ಡನ ಹೆಂಡತಿ ಕ್ಲಾರಾ ತಾನು ಓಡಿಸುತ್ತಿದ್ದುದು ೧೯೧೪ರ ಡೆಟ್ರಾಯ್ಟ್ ಎಲೆಕ್ಟ್ರಿಕ್ ಕಾರನ್ನು. ಮನೆಯ ಅಡಿಗೆ ಮನೆಯವರಿಗೇ ಸೇರಲಿಲ್ಲವೆನ್ನಬೇಕು.

ಬ್ಯಾಟರಿಯೂ ನಿರ್ದೋಷಿಯಲ್ಲ. ಆಮ್ಲ ಚೆಲ್ಲಿದರೆ ಸುಡುತ್ತದೆ. ವಿದ್ಯುತ್ತು ತುಂಬುವಾಗ ಹೊರಡುವ ಜಲಜನಕ ಕಿಡಿ ತಾಗಿದರೆ ಸಿಡಿಯುತ್ತದೆ. ಆದರೆ ಅದನ್ನು ಸೋಲಿಸಿದ್ದು ಅದರ ಭಾರ. ಒಂದು ಕಿಲೋ ಪೆಟ್ರೋಲಿನಲ್ಲಿ ಸುಮಾರು ೧೨,೦೦೦ ವ್ಯಾಟ್-ಗಂಟೆಯಷ್ಟು ಶಕ್ತಿ. ಒಂದು ಕಿಲೋ ಸೀಸದ ಬ್ಯಾಟರಿಯಲ್ಲಿ ಮೂವತ್ತು ನಲವತ್ತು. ಎಂಜಿನ್ನು ಮುಕ್ಕಾಲುಪಾಲನ್ನು ಬಿಸಿಯಾಗಿ ಪೋಲು ಮಾಡಿದರೂ ಅಂತರ ಅಗಾಧ. ೧೮೮೮ರಲ್ಲಿ ಮಕ್ಕಳಿಬ್ಬರೊಡನೆ ಗಂಡನ ಗಾಡಿ ಹತ್ತಿ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಹೊರಟ ಬೆರ್ತಾ ಬೆಂಜ್, ದಾರಿಯ ವೀಸ್ಲೋಖ್ ಊರಿನ ಔಷಧಿ ಅಂಗಡಿಯಲ್ಲಿ ಇಂಧನ ಕೊಂಡಳು. ವಿದ್ಯುತ್ತಿನ ತಂತಿ ಮುಟ್ಟದ ಹಳ್ಳಿಯಲ್ಲಿ ಬ್ಯಾಟರಿಯವನು ಏನು ಕೊಳ್ಳಬೇಕು?

ಮುಂದಿನದು ವಿಧಿಯ ಅಣಕ. ಚಾರ್ಲ್ಸ್ ಕೆಟರಿಂಗ್ ಎಂಬಾತ ಹಿಡಿ ತಿರುವುವ ಕೆಲಸವನ್ನು ಪುಟ್ಟ ವಿದ್ಯುತ್ ಮೋಟಾರಿಗೆ ಒಪ್ಪಿಸಿದ. ೧೯೧೨ರ ಕ್ಯಾಡಿಲಾಕ್ ಕಾರಿನಲ್ಲಿ ಅದು ಬಂತು. ಆ ಮೋಟಾರಿಗೆ ಶಕ್ತಿ ಕೊಟ್ಟದ್ದು ಅದೇ ಸೀಸದ ಬ್ಯಾಟರಿ. ಎದುರಾಳಿಯ ದೊಡ್ಡ ಕೊರತೆಯನ್ನು ತಾನೇ ನೀಗಿಸಿ, ಅವನ ಮನೆಯಲ್ಲೇ ಊಳಿಗಕ್ಕೆ ನಿಂತಿತು. ಫೋರ್ಡನ ಅಗ್ಗದ ಬೆಲೆಯೂ ಸೇರಿ, ಮುಂದಿನ ಇಪ್ಪತ್ತೈದು ವರ್ಷಗಳಲ್ಲಿ ವಿದ್ಯುತ್ ಕಾರು ಬಹುಮಟ್ಟಿಗೆ ಮರೆಯಾಯಿತು.

೨೦೦೧ರಲ್ಲಿ ನಮ್ಮ ಬೆಂಗಳೂರಿನ ‘ರೇವಾ’ ರಸ್ತೆಗಿಳಿದಾಗಲೂ ಹೊಟ್ಟೆಯಲ್ಲಿದ್ದುದು ಸೀಸವೇ. ಒಮ್ಮೆ ತುಂಬಿದರೆ ಎಂಬತ್ತು ಕಿಲೋಮೀಟರಿನ ಆಸುಪಾಸು ಓಟ. ೧೯೯೧ರಲ್ಲಿ ಮಾರುಕಟ್ಟೆಗೆ ಬಂದಿದ್ದ ಲಿಥಿಯಂ ಬ್ಯಾಟರಿ ಕ್ರಮೇಣ ಕಾರಿಗೂ ಏರಿ ಭಾರದ ಕಷ್ಟವನ್ನು ಬಹಳ ಮಟ್ಟಿಗೆ ಇಳಿಸಿತು, ಬೆಂಕಿಯ ಹೊಸ ಭಯವನ್ನು ತಂದಿತು. ಒಂದು ಕೋಶ ಕೆಟ್ಟು ಕಾದರೆ ನೆರೆಯ ಕೋಶಕ್ಕೆ ಹಬ್ಬುತ್ತದೆ. ಆರಿತೆಂದುಕೊಂಡ ಮೇಲೂ ಮತ್ತೆ ಹೊತ್ತಬಹುದು. ೨೦೨೨ರಲ್ಲಿ ನಮ್ಮ ದೇಶದಲ್ಲಿ ಕೆಲವು ಸ್ಕೂಟರುಗಳು ಉರಿದ ಮೇಲೆ ಸರ್ಕಾರ ಬ್ಯಾಟರಿಯ ಪರೀಕ್ಷೆಗಳನ್ನು ಬಿಗಿಗೊಳಿಸಿತು. ಸರಿಯೇ. ಆದರೆ ಪೆಟ್ರೋಲಿನ ಆವಿ ನೀರು ಹೆಪ್ಪುಗಟ್ಟುವ ಚಳಿಯಲ್ಲೂ ಕಿಡಿಗೆ ಕಾದಿರುತ್ತದೆ. ಸ್ವೀಡನ್ನಿನ ಲೆಕ್ಕದಲ್ಲಿ ಬೆಂಕಿಗೆ ಸಿಕ್ಕ ವಿದ್ಯುತ್ ಕಾರುಗಳ ಪ್ರಮಾಣ ಕಡಮೆಯೇ. ಅವು ಬಹುತೇಕ ಹೊಸ ಕಾರುಗಳೆಂಬುದನ್ನೂ ಎಣಿಸಬೇಕು.

ಪ್ಲಾಂಟೆಯ ಸೀಸ ಮಾತ್ರ ಇನ್ನೂ ನಿವೃತ್ತಿ ಹೊಂದಿಲ್ಲ. ಇಂದಿನ ಎಷ್ಟೋ ವಿದ್ಯುತ್ ಕಾರುಗಳ ಮೂಲೆಯಲ್ಲಿ ಹನ್ನೆರಡು ವೋಲ್ಟಿನ ಚಿಕ್ಕ ಸೀಸದ ಬ್ಯಾಟರಿಯೊಂದು ಕುಳಿತಿರುತ್ತದೆ. ಅದು ಸತ್ತರೆ, ಕೆಳಗೆ ಲಿಥಿಯಂ ತುಂಬಿ ತುಳುಕುತ್ತಿದ್ದರೂ ಕಾರು ಕದಲದು.