ರೇಷ್ಮೆಯ ಮೇಲಿನ ಹೆಸರು

ಹಳೆಯ ಚೀನೀ ರೇಷ್ಮೆಯ ತುಂಡೊಂದು ಹರಾಜಿಗೆ ಬಂದರೆ ನಾವು ಮೊದಲು ಅದರ ವಯಸ್ಸು ಕೇಳುತ್ತೇವೆ, ಬಳಿಕ ಬೆಲೆ. ನೇಯ್ದವರು ಯಾರೆಂದು ಕೇಳುವ ರೂಢಿ ನಮ್ಮಲ್ಲಿಲ್ಲ. ಹದಿಮೂರು, ಹದಿನಾಲ್ಕನೆಯ ಶತಮಾನಗಳ ಜರತಾರಿ ರೇಷ್ಮೆಯ ಮಟ್ಟಿಗಾದರೂ ಆ ಪ್ರಶ್ನೆಯನ್ನು ಕೇಳಲೇಬೇಕಾಗಿದೆ.

ಅರಬಿಯಲ್ಲಿ 'ನಸೀಜ್' ಎಂದರೆ ನೇಯ್ಗೆ. ಮಂಗೋಲರ ಕಾಲದಲ್ಲಿ ಚಿನ್ನದ ಎಳೆಯ ರೇಷ್ಮೆಗೇ ಆ ಹೆಸರಾಯಿತು. ಚೀನೀ ದಾಖಲೆಗಳಲ್ಲೂ ಅದು 'ನಾಶಿಶಿ' ಎಂದು ಉಳಿದಿದೆ. ತೆಳು ಚರ್ಮ ಅಥವಾ ಕಾಗದದ ಮೇಲೆ ಚಿನ್ನದ ಹಾಳೆ ಅಂಟಿಸಿ, ಸಣ್ಣ ಪಟ್ಟಿಗಳಾಗಿ ಸೀಳಿ, ರೇಷ್ಮೆಯ ಜೊತೆ ಹೊಕ್ಕಾಗಿ ನೇಯುತ್ತಿದ್ದರು.

ಈ ಅರಬಿ ಹೆಸರು ಚೀನಾಕ್ಕೆ ಹೋದದ್ದು ವ್ಯಾಪಾರಿಗಳ ಮೂಟೆಯಲ್ಲಿ ಮಾತ್ರವಲ್ಲ. ಚೆಂಗಿಜ್ ಖಾನನ ಸೇನೆ ಖುರಾಸಾನಿನ ಪಟ್ಟಣಗಳನ್ನು ಕೆಡವಿದಾಗ ಕುಶಲಕರ್ಮಿಗಳನ್ನು ಕೊಲ್ಲದೆ ಬೇರೆ ನಿಲ್ಲಿಸುತ್ತಿತ್ತು. 1221ರಲ್ಲಿ ಶರಣಾದ ಹೆರಾತಿನ ನೇಕಾರರನ್ನು ಕುಟುಂಬ ಸಮೇತ ಬೇಶ್‌ಬಾಲಿಗ್‌ಗೆ, ಅಂದರೆ ಇಂದಿನ ಷಿನ್‌ಜಿಯಾಂಗಿಗೆ, ಸಾಗಿಸಲಾಯಿತು. ಪಶ್ಚಿಮದಿಂದ ತಂದ ಚಿನ್ನದ ನೇಯ್ಗೆಯ 300 ಕುಟುಂಬಗಳನ್ನು ಹೋಂಗ್‌ಜೌ ಎಂಬಲ್ಲಿ ನೆಲೆಗೊಳಿಸಿದ ಸಂಗತಿ ಯುವಾನ್ ವಂಶದ ಅಧಿಕೃತ ಚರಿತ್ರೆಯಲ್ಲಿದೆ. ಬೀಜಿಂಗಿನ ವಾಯವ್ಯಕ್ಕಿದ್ದ ಸಿಮಾಲಿ ಎಂಬ ಊರಿನವರಲ್ಲಿ ಹೆಚ್ಚಿನವರು ಸಮರ್‌ಖಂದಿನವರು, ಅಲ್ಲಿ ಅವರು ಸಮರ್‌ಖಂದಿನ ರೀತಿಯ ತೋಟಗಳನ್ನು ಬೆಳೆಸಿದ್ದಾರೆ ಎಂದು ಇತಿಹಾಸಕಾರ ರಶೀದುದ್ದೀನ್ ಬರೆದಿದ್ದಾರೆ. ಆ ಬಡಪಾಯಿಗಳು ತಮಗಾಗಿ ಮಾಡಿಕೊಂಡದ್ದು ಬಹುಶಃ ಅದೊಂದೇ.

ಅವರ ಕಸುಬು ಮಾತ್ರ ಜಗತ್ತನ್ನೇ ಸುತ್ತಿತು. ಪೋಲೆಂಡಿನ ಗ್ದಾನ್ಸ್ಕ್ ನಗರದ ಸೇಂಟ್ ಮೇರಿ ಚರ್ಚಿನಲ್ಲಿ ಪಾದ್ರಿಗಳ ಉಡುಪಾಗಿ ಉಳಿದುಬಂದ ಒಂದು ಕಪ್ಪು ರೇಷ್ಮೆಯಲ್ಲಿ ಚಿನ್ನದ ಜೋಡಿ ಗಿಳಿಗಳಿವೆ, ನಡುವೆ ಚೀನೀ ಡ್ರ್ಯಾಗನ್‌ಗಳಿವೆ. ಗಿಳಿಯ ರೆಕ್ಕೆಯಲ್ಲಿ ಅರಬಿ ಅಕ್ಷರ: ಈಜಿಪ್ಟಿನ ಮಮ್ಲೂಕ್ ಸುಲ್ತಾನ್ ನಾಸಿರ್ ಮುಹಮ್ಮದರ ಬಿರುದು. ಅದನ್ನು ನೇಯ್ದದ್ದು ಚೀನಾದಲ್ಲೋ ಮಧ್ಯ ಏಷ್ಯಾದಲ್ಲೋ ಎಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ಇರಾನಿನ ಮಂಗೋಲ್ ದೊರೆ ಅಬೂ ಸಈದ್, ಸುಲ್ತಾನರ ಬಿರುದು ನೇಯ್ದ 700 ವಸ್ತ್ರಗಳನ್ನು 1320ರ ದಶಕದಲ್ಲಿ ಒಂಟೆಗಳ ಮೇಲೆ ಕೈರೋಗೆ ಕಳಿಸಿದ್ದನ್ನು ಅಬುಲ್ ಫಿದಾ ದಾಖಲಿಸಿದ್ದಾರೆ. ಪುರುಷರಿಗೆ ರೇಷ್ಮೆ ನಿಷಿದ್ಧವೆಂಬ ಪ್ರವಾದಿ(ಸ)ವರ ವಚನ ಅರಮನೆಗಳಿಗೆ ತಿಳಿಯದ್ದೇನಲ್ಲ, ಆದರೂ ದರ್ಬಾರಿನ ಉಡುಗೊರೆಗಳಲ್ಲಿ ರೇಷ್ಮೆಯದೇ ಮೇಲುಗೈ.

ಯೂರೋಪಿನ ಚರ್ಚುಗಳ ದಾಸ್ತಾನು ಪಟ್ಟಿಗಳಲ್ಲಿ ಈ ಬಗೆಯ ಬಟ್ಟೆಗೆ ಇದ್ದ ಹೆಸರು 'ತಾರ್ತರರ ವಸ್ತ್ರ'. ಸಂಗ್ರಾಹಕರು ಇವತ್ತಿಗೂ ಅದೇ ಹೆಸರನ್ನು ಬಳಸುತ್ತಾರೆ. ನೇಕಾರರನ್ನು ಸೆರೆಹಿಡಿದು ಒಯ್ದವರ ಹೆಸರು ಅದು.